ಕನ್ಸರ್ಟೊದಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರುಚಿ ಈಗಷ್ಟೇ ಹತ್ತಿದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ವೇದಿಕೆಯ ಮುಂದೆ ವಾದ್ಯ ಹಿಡಿದು ನಿಂತವರಿಗೂ ಪಕ್ಕದಲ್ಲೇ ಕೋಲು ಹಿಡಿದು ನಿಂತವರಿಗೂ ಏನು ಸಂಬಂಧ? ನಾನು ವಾದಕನಲ್ಲ, ವರ್ಷಗಳಿಂದ ಕೇಳುತ್ತಾ ಬಂದವನು ಅಷ್ಟೇ. ಹಾಗಾಗಿ ಇಲ್ಲಿನ ಉತ್ತರಗಳು ಕೇಳುಗನ ಕುರ್ಚಿಯಿಂದ ಕಂಡದ್ದು.

ಕನ್ಸರ್ಟೊ ಎಂದರೇನು?

ಒಬ್ಬ ಏಕವಾದಕರು, ಕೆಲವೊಮ್ಮೆ ಇಬ್ಬರು ಮೂವರು, ಇಡೀ ಆರ್ಕೆಸ್ಟ್ರಾ ಜೊತೆ ಸೇರಿ ನುಡಿಸಲೆಂದು ಬರೆದ ಕೃತಿ. ಸಾಮಾನ್ಯವಾಗಿ ಮೂರು ಭಾಗ: ಚುರುಕು, ನಿಧಾನ, ಮತ್ತೆ ಚುರುಕು. ಮೊಜಾರ್ಟ್‌ನ ಪಿಯಾನೊ ಕನ್ಸರ್ಟೊಗಳು ಹೆಚ್ಚುಕಡಿಮೆ ಅರ್ಧ ಗಂಟೆಯವು. ಬ್ರಾಮ್ಸ್‌ನ ಎರಡನೇ ಪಿಯಾನೊ ಕನ್ಸರ್ಟೊಗೆ ನಾಲ್ಕು ಭಾಗ, ಮುಕ್ಕಾಲು ಗಂಟೆ ದಾಟುತ್ತದೆ. ಏಕವಾದಕರನ್ನು ಸೋಲೋಯಿಸ್ಟ್ ಅನ್ನುವುದು ರೂಢಿ, ಇಲ್ಲೂ ಹಾಗೇ ಕರೆಯುತ್ತೇನೆ.

ಹೆಸರಲ್ಲೇ ತಮಾಷೆ ಇದೆ. ಅದರ ಮೂಲ ಧಾತುವಿಗೆ ಲ್ಯಾಟಿನ್‌ನಲ್ಲಿ ‘ಪೈಪೋಟಿಗೆ ಇಳಿ’ ಎಂಬರ್ಥ, ಇಟಾಲಿಯನ್‌ನಲ್ಲಿ ‘ಹೊಂದಿಸಿಕೊಂಡು ಹೋಗು’ ಎಂಬರ್ಥ. ಎರಡೂ ನಿಜ. ಆರ್ಕೆಸ್ಟ್ರಾವನ್ನು ಬರೀ ಪಕ್ಕವಾದ್ಯ ಎಂದುಕೊಂಡು ಕೇಳಲು ಕೂತರೆ ಅರ್ಧ ಸಂಗೀತ ಕೈತಪ್ಪಿಹೋಗುತ್ತದೆ.

ಕಂಡಕ್ಟರ್ ಒಂದು ಸ್ವರವನ್ನೂ ನುಡಿಸುವುದಿಲ್ಲ. ಮತ್ತೆ ಅವರ ಕೆಲಸವೇನು?

ಈ ಕಂಡಕ್ಟರ್ ಟಿಕೆಟ್ ಹರಿಯುವವರಲ್ಲ, ಆದರೂ ‘ರೈಟ್’ ಹೇಳುವ ಹೊಣೆ ಇವರದ್ದೇ.

ಕೆಲಸದ ದೊಡ್ಡ ಪಾಲು ನಮಗೆ ಕಾಣುವುದಿಲ್ಲ. ಅದು ರಿಹರ್ಸಲ್‌ನಲ್ಲೇ ಮುಗಿದಿರುತ್ತದೆ: ಎಲ್ಲಿ ಎಷ್ಟು ವೇಗ, ಯಾವ ವಾದ್ಯ ಮುಂದೆ ಬರಬೇಕು, ಯಾವುದು ತಗ್ಗಬೇಕು, ಒಂದು ಸಾಲು ಎಲ್ಲಿ ಉಸಿರು ತೆಗೆದುಕೊಳ್ಳಬೇಕು. ಸಂಜೆ ಕಾಣುವುದು ಅದರ ಜ್ಞಾಪನೆ ಮಾತ್ರ.

ಸಂಜೆ ಕೋಲು ಬೇಕಾಗುವುದಕ್ಕೆ ಒಂದು ಸರಳ ಭೌತಿಕ ಕಾರಣವೂ ಇದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಅಂದರೆ 10 ಮೀಟರ್‌ಗೆ ಸುಮಾರು 30 ಮಿಲಿಸೆಕೆಂಡ್. ಹಿಂದಿನ ಸಾಲಿನ ಟಿಂಪನಿ ಎಂಬ ನಗಾರಿಯವರು ಮುಂದಿನ ವಯಲಿನ್ ಕಿವಿಗೆ ಬಿದ್ದ ಮೇಲೆ ಬಾರಿಸಿದರೆ, ಆ ಪೆಟ್ಟು ಸಭಾಂಗಣಕ್ಕೆ ಬರುವಾಗ ಇನ್ನಷ್ಟು ತಡವಾಗಿರುತ್ತದೆ. ಕಣ್ಣಿಗೆ ಆ ತಡ ಇಲ್ಲ. ದೂರದವರು ಕಿವಿಗಿಂತ ಕೋಲನ್ನು ನಂಬುವುದು ಅದಕ್ಕೇ.

ಈ ಕೋಲಿನ ಪದ್ಧತಿ ತೀರಾ ಹಳೆಯದೇನಲ್ಲ. 18ನೇ ಶತಮಾನದಲ್ಲಿ ಕೀಬೋರ್ಡ್ ಮುಂದೆ ಕೂತವರೋ ಮೊದಲ ವಯಲಿನ್‌ನವರೋ ಮೇಳವನ್ನು ನಡೆಸುತ್ತಿದ್ದರು. ಸ್ಪೋರ್, ವೇಬರ್, ಮೆಂಡೆಲ್ಸನ್ ಮೊದಲಾದವರ ಕಾಲದಲ್ಲಿ, ಅಂದರೆ 19ನೇ ಶತಮಾನದ ಮೊದಲ ದಶಕಗಳಲ್ಲಿ, ಸಣ್ಣ ಕೋಲು ರೂಢಿಗೆ ಬಂತು. ಅದಕ್ಕೂ ಮೊದಲು ಫ್ರಾನ್ಸಿನ ಲುಲ್ಲಿ ದೊಣ್ಣೆಯಂಥ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುವಾಗ ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಸಣ್ಣ ಕೋಲಿನ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಗೊತ್ತಿಲ್ಲ.

ಹಾಗಾದರೆ ಯಜಮಾನ ಯಾರು? ಸೋಲೋಯಿಸ್ಟೋ, ಕಂಡಕ್ಟರೋ?

ಈ ಪ್ರಶ್ನೆಯನ್ನು ಒಬ್ಬ ಕಂಡಕ್ಟರ್ ತುಂಬಿದ ಸಭೆಯೆದುರು ತಾವೇ ಎತ್ತಿದ್ದುಂಟು. 1962ರ ಏಪ್ರಿಲ್, ನ್ಯೂಯಾರ್ಕಿನ ಕಾರ್ನೆಗಿ ಹಾಲ್. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಗ್ಲೆನ್ ಗೌಲ್ಡ್ ಬ್ರಾಮ್ಸ್‌ನ ಮೊದಲ ಪಿಯಾನೊ ಕನ್ಸರ್ಟೊ ನುಡಿಸಬೇಕಿತ್ತು. ಅದಕ್ಕೂ ಮುಂಚೆ ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್ ಒಬ್ಬರೇ ಬಂದು, ಹೆದರಬೇಡಿ, ಗೌಲ್ಡ್ ಬಂದಿದ್ದಾರೆ ಎಂದು ನಗಿಸಿ, ನಂತರ ವಿಷಯಕ್ಕೆ ಬಂದರು. ಈಗ ಕೇಳಲಿರುವ ನಿಧಾನದ ನಡೆ ಗೌಲ್ಡ್ ಅವರ ಕಲ್ಪನೆ, ಅದಕ್ಕೆ ತನ್ನ ಪೂರ್ತಿ ಒಪ್ಪಿಗೆಯಿಲ್ಲ. ಹಾಗಿದ್ದೂ ಯಾಕೆ ನಡೆಸುತ್ತಿದ್ದೇನೆ? ಗೌಲ್ಡ್ ಅಂಥ ಗಂಭೀರ ಕಲಾವಿದರು, ಅವರು ನಂಬಿ ಮಾಡುವ ಯಾವುದನ್ನೂ ತಳ್ಳಿಹಾಕಲು ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ. ಹೀಗೆ ಒಬ್ಬ ಸೋಲೋಯಿಸ್ಟ್ ಎದುರು ಪೂರ್ತಿ ತಲೆಬಾಗಬೇಕಾಗಿ ಬಂದದ್ದು ಹಿಂದೆ ಒಂದೇ ಸಲ, ಅದೂ ಗೌಲ್ಡ್ ಜೊತೆಗೇ ಎಂದಾಗ ಸಭೆ ಮತ್ತೆ ನಕ್ಕಿತು.

ಆ ಸಂಜೆಯ ಮೇಲೆ ಪತ್ರಿಕೆಯಲ್ಲಿ ಕಟು ವಿಮರ್ಶೆ ಬಂತು. ಗೌಲ್ಡ್ ಮಾತ್ರ ಆ ಪೀಠಿಕೆಗೆ ಬೇಸರಪಟ್ಟುಕೊಳ್ಳಲಿಲ್ಲ. ಎರಡು ವರ್ಷಕ್ಕೆ ಅವರು ಸಾರ್ವಜನಿಕ ಕಛೇರಿಗಳನ್ನೇ ಬಿಟ್ಟರು, ಅದಕ್ಕೆ ಕಾರಣ ಬೇರೆ. ಧ್ವನಿಮುದ್ರಣ ಈಗ ಸಿಗುತ್ತದೆ, ಕೇಳಿ. ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ, ಅದಕ್ಕೆ ಹತ್ತಿರದ ನಿಧಾನದಲ್ಲಿ ನುಡಿಸಿದವರು ಆಮೇಲೂ ಬಂದರು. ನನ್ನ ಗಮನ ಸೆಳೆಯುವುದು ಬೇರೆ: ತನಗೆ ಒಪ್ಪಿಗೆಯಿಲ್ಲದ ನಡೆಯನ್ನು ಬರ್ನ್‌ಸ್ಟೈನ್ ಅಲ್ಲಿ ಎಷ್ಟು ಜೋಪಾನವಾಗಿ ಕಾಯುತ್ತಾರೆ ಎಂಬುದು. ಭಿನ್ನಮತ ಮಾತಿನಲ್ಲಿ ಮುಗಿದಿತ್ತು, ಕೋಲಿನಲ್ಲಿ ಉಳಿದಿರಲಿಲ್ಲ.

ಭಿನ್ನಾಭಿಪ್ರಾಯ ಬಂದರೆ ಸಾಮಾನ್ಯವಾಗಿ ಯಾರ ಮಾತು ನಡೆಯುತ್ತದೆ?

ವೇಗದ ವಿಚಾರದಲ್ಲಿ ಬಹುಪಾಲು ಸೋಲೋಯಿಸ್ಟ್ ಮಾತು. ಬೆರಳು ಅವರದ್ದು, ಬಿದ್ದರೆ ಬೀಳುವವರೂ ಅವರೇ. ಆರ್ಕೆಸ್ಟ್ರಾ ಒಂಟಿಯಾಗಿ ನುಡಿಸುವ ಉದ್ದದ ಭಾಗಗಳಲ್ಲಿ, ದನಿಗಳ ಹದದಲ್ಲಿ ಕಂಡಕ್ಟರ್ ಮಾತು. ಇದು ಬರೆದಿಟ್ಟ ಕಾನೂನಲ್ಲ.

ವಾಡಿಕೆಯಲ್ಲಿ ಇಬ್ಬರೂ ಮೊದಲು ಒಂದು ಕೋಣೆಯಲ್ಲಿ ಪಿಯಾನೊ ಎದುರು ಕೂರುತ್ತಾರೆ. ಸೋಲೋಯಿಸ್ಟ್ ಮುಖ್ಯ ತಿರುವುಗಳನ್ನು ನುಡಿಸಿ ತೋರಿಸುತ್ತಾರೆ, ಇಲ್ಲಿ ಸ್ವಲ್ಪ ಎಳೆಯುತ್ತೇನೆ, ಇಲ್ಲಿ ನಿಲ್ಲದೆ ಹೋಗುತ್ತೇನೆ ಎಂದು ಹೇಳುತ್ತಾರೆ. ಕಂಡಕ್ಟರ್ ಸ್ಕೋರ್ ಮೇಲೆ, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿ ಇರುವ ಪುಸ್ತಕದ ಮೇಲೆ, ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಆರ್ಕೆಸ್ಟ್ರಾ ಜೊತೆ ಒಂದೆರಡು ರಿಹರ್ಸಲ್, ಅಷ್ಟೇ. ಹೊಸಬರಿಗೆ ಆಶ್ಚರ್ಯ ಆಗುವುದು ಇಲ್ಲೇ: ವರ್ಷಗಟ್ಟಲೆ ಸಾಧನೆ ಮಾಡಿದ ಕೃತಿಗೆ ಜೊತೆಯಾಗಿ ಸಿಗುವುದು ಕೆಲವೇ ಗಂಟೆ.

ಮಾತು ಹೊಂದದೆ ವೇದಿಕೆ ಏರಿದರೆ ಏನಾಗುತ್ತದೆ ಎಂಬುದಕ್ಕೆ 1928ರ ಜನವರಿಯ ಕಾರ್ನೆಗಿ ಹಾಲ್ ಸಾಕ್ಷಿ. ಪಿಯಾನೊ ವಾದಕ ಹೊರೊವಿಟ್ಜ್‌ಗೂ ಕಂಡಕ್ಟರ್ ಥಾಮಸ್ ಬೀಚಮ್‌ಗೂ ಅಮೆರಿಕದಲ್ಲಿ ಅದು ಮೊದಲ ಕಛೇರಿ. ಕೃತಿ ಚೈಕೋವ್‌ಸ್ಕಿಯ ಮೊದಲ ಪಿಯಾನೊ ಕನ್ಸರ್ಟೊ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೀಚಮ್ ನಿಧಾನ ಬಿಡಲಿಲ್ಲ, ಕೊನೆಯ ಭಾಗದಲ್ಲಿ ಹೊರೊವಿಟ್ಜ್ ತಾಳ್ಮೆ ಬಿಟ್ಟು ಓಟ ಕಿತ್ತರು. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಆ ಒಂದು ರಾತ್ರಿಯಿಂದ ಹೊರೊವಿಟ್ಜ್ ಹೆಸರಾದರು ಅನ್ನುವುದೂ ಸುಳ್ಳಲ್ಲ. ಆದರೆ ಅದನ್ನು ಕನ್ಸರ್ಟೊ ಅನ್ನಬೇಕೋ ಓಟದ ಪಂದ್ಯ ಅನ್ನಬೇಕೋ, ನನಗೆ ಅನುಮಾನ.

ಸೋಲೋಯಿಸ್ಟ್ ಮನಸ್ಸಿಗೆ ಬಂದಂತೆ ನಿಧಾನಿಸುತ್ತಾರೆ, ಓಡುತ್ತಾರೆ. ಕಂಡಕ್ಟರ್ ಅವರನ್ನು ಹಿಡಿಯುವುದು ಹೇಗೆ?

ಹಿಂಬಾಲಿಸಿ ಅಲ್ಲ. ಹಿಂಬಾಲಿಸಿದರೆ ಯಾವಾಗಲೂ ತಡ.

ಒಂದು ಗಳಿಗೆಯನ್ನು ಹತ್ತಿರದಿಂದ ನೋಡೋಣ. ಪಿಯಾನೊದಲ್ಲಿ ಒಂದು ಸ್ವರಸಾಲು ಕೆಳಗಿನಿಂದ ಮೇಲಕ್ಕೆ ಏರುತ್ತಿದೆ. ತುದಿಯ ಸ್ವರದಲ್ಲಿ ಇಡೀ ಆರ್ಕೆಸ್ಟ್ರಾ ಒಂದೇ ಏಟಿಗೆ ಸೇರಬೇಕು. ಕಂಡಕ್ಟರ್ ಕೈ ಕೆಳಗಿಳಿದ ಮೇಲೆ ಅಷ್ಟು ಜನರ ದನಿ ಹೊರಡಲು ಒಂದು ಚೂರು ಹೊತ್ತು ಬೇಕು. ಅಂದರೆ ಪಿಯಾನೊ ತುದಿ ಮುಟ್ಟಿದ್ದು ಕೇಳಿ ಕೈ ಇಳಿಸಿದರೆ ಕೆಲಸ ಕೆಟ್ಟಿತು. ತುದಿಗೆ ಇನ್ನೂ ಮೂರು ನಾಲ್ಕು ಸ್ವರ ಇರುವಾಗಲೇ ಕೈ ಮೇಲೆ ಹೋಗಬೇಕು. ಆ ಕೊನೆಯ ಸ್ವರಗಳನ್ನು ಪಿಯಾನೊದವರು ಸ್ವಲ್ಪ ಎಳೆಯುತ್ತಾರೋ, ಜಾರಿಸಿಬಿಡುತ್ತಾರೋ? ಅದನ್ನು ಊಹಿಸಬೇಕು. ಭುಜದ ಚಲನೆ, ಉಸಿರು, ನಿನ್ನೆಯ ರಿಹರ್ಸಲ್‌ನ ನೆನಪು ಇವೇ ಆಧಾರ. ವಯಲಿನ್ ಆದರೆ ಕಮಾನು ನೋಡುತ್ತಾರೆ: ಕಮಾನು ಎಷ್ಟು ಉಳಿದಿದೆ, ಎಷ್ಟು ಬೇಗ ಖರ್ಚಾಗುತ್ತಿದೆ ಎಂಬುದರಲ್ಲೇ ಮುಂದಿನ ಸ್ವರ ಯಾವಾಗ ಎಂಬ ಸುಳಿವು ಇರುತ್ತದೆ.

ಆರ್ಕೆಸ್ಟ್ರಾದವರೂ ಸುಮ್ಮನೆ ಕೋಲನ್ನೇ ನೆಚ್ಚಿ ಕೂತಿರುವುದಿಲ್ಲ. ಕನ್ಸರ್ಟ್‌ಮಾಸ್ಟರ್, ಅಂದರೆ ಮೊದಲ ವಯಲಿನ್‌ಗಳ ಮುಖ್ಯಸ್ಥರು, ಸೋಲೋಯಿಸ್ಟ್‌ಗೆ ಕೈಗೆಟುಕುವಷ್ಟು ಹತ್ತಿರ ಕೂತಿರುತ್ತಾರೆ. ಅವರ ಕಮಾನು ಎದ್ದರೆ ಹಿಂದಿನ ಸಾಲುಗಳೂ ಏಳುತ್ತವೆ. ಎಷ್ಟೋ ಕಛೇರಿಗಳನ್ನು ಹೀಗೆ ಕನ್ಸರ್ಟ್‌ಮಾಸ್ಟರ್ ಉಳಿಸಿಕೊಟ್ಟಿರುತ್ತಾರೆ, ಕುಲುಕಿಸಿಕೊಂಡ ಕೈ ಮಾತ್ರ ಬೇರೆಯವರದ್ದಾಗಿರುತ್ತದೆ.

ಆರಂಭದಲ್ಲಿ ಆರ್ಕೆಸ್ಟ್ರಾ ನಿಮಿಷಗಟ್ಟಲೆ ನುಡಿಸುತ್ತದೆ, ಸೋಲೋಯಿಸ್ಟ್ ಸುಮ್ಮನೆ ಕೂತಿರುತ್ತಾರೆ. ಯಾಕೆ?

ಮೊಜಾರ್ಟ್ ಕಾಲದ ಕಟ್ಟುಪಾಡು ಅದು. ಮೊದಲು ಆರ್ಕೆಸ್ಟ್ರಾ ಕೃತಿಯ ಮುಖ್ಯ ರಾಗಗಳನ್ನು ಪರಿಚಯಿಸಿ ಕೊಡಬೇಕು, ಆಮೇಲೆ ಸೋಲೋಯಿಸ್ಟ್ ಪ್ರವೇಶ. ನಾಯಕನ ಬಗ್ಗೆ ಊರೆಲ್ಲ ಮಾತಾಡಿದ ಮೇಲೆ ನಾಯಕ ಕಾಣಿಸಿಕೊಂಡ ಹಾಗೆ.

ಈ ಕಾಯುವಿಕೆಯ ಬೆಲೆ ಏನೆಂದು ಪೋರ್ಚುಗಲ್‌ನ ಪಿಯಾನೊ ವಾದಕಿ ಮರಿಯಾ ಜುವಾವ್ ಪಿರೆಶ್ ಅವರನ್ನು ಕೇಳಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಮಧ್ಯಾಹ್ನ, ಜನರೆದುರಿನ ಕಾರ್ಯಕ್ರಮ, ಕಂಡಕ್ಟರ್ ರಿಕಾರ್ಡೊ ಶಾಯಿ. ಆರ್ಕೆಸ್ಟ್ರಾ ಶುರು ಮಾಡಿದ್ದು ಮೊಜಾರ್ಟ್‌ನ ಡಿ ಮೈನರ್ ಕನ್ಸರ್ಟೊ, ಅವನ ಕೃತಿಪಟ್ಟಿಯ ಸಂಖ್ಯೆಯಲ್ಲಿ ಕೆ. 466. ಪಿರೆಶ್ ಬಂದದ್ದು ಮೊಜಾರ್ಟ್‌ನದ್ದೇ ಬೇರೊಂದು ಕನ್ಸರ್ಟೊ ಎಂದುಕೊಂಡು! ವಿಡಿಯೊದಲ್ಲಿ ಅವರ ಮುಖ ಬಿಳಿಚಿಕೊಳ್ಳುವುದು ಕಾಣುತ್ತದೆ. ಕೈ ಹಣೆಗೆ ಹೋಗುತ್ತದೆ. ಶಾಯಿ ಕೋಲು ನಿಲ್ಲಿಸುವುದಿಲ್ಲ. ತಾಳ ಹಾಕುತ್ತಲೇ ಅವರತ್ತ ಬಾಗಿ ಮಾತಾಡುತ್ತಾರೆ, ನಗುತ್ತಾರೆ, ನಿಮಗೆ ಇದು ಚೆನ್ನಾಗಿ ಗೊತ್ತಲ್ಲ ಎಂದು ಧೈರ್ಯ ತುಂಬುತ್ತಾರೆ. ಆ ಆರಂಭ ಎರಡು ನಿಮಿಷಕ್ಕೂ ಹೆಚ್ಚು ಉದ್ದ ಇರುವುದರಿಂದ ಬಚಾವು. ಅಷ್ಟರಲ್ಲಿ ಪಿರೆಶ್ ಕೃತಿಯನ್ನು ಮನಸ್ಸಿನ ಆಳದಿಂದ ಎತ್ತಿಕೊಂಡು, ತಮ್ಮ ಸರದಿ ಬಂದಾಗ ನೆನಪಿನಿಂದಲೇ ನುಡಿಸುತ್ತಾರೆ. ಸೋಲೋಯಿಸ್ಟ್–ಕಂಡಕ್ಟರ್ ಸಂಬಂಧದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ವಿಡಿಯೊವನ್ನೇ. ಯಜಮಾನಿಕೆಯ ಮಾತೇ ಅಲ್ಲಿ ಬರುವುದಿಲ್ಲ.

ಈ ಕಟ್ಟುಪಾಡನ್ನು ಮುರಿದವರೂ ಇದ್ದಾರೆ. ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊ ಒಂಟಿ ಪಿಯಾನೊದಿಂದ, ಅದೂ ಮೆಲುದನಿಯಲ್ಲಿ ಶುರುವಾಗುತ್ತದೆ. ಮೆಂಡೆಲ್ಸನ್‌ನ 1845ರ ವಯಲಿನ್ ಕನ್ಸರ್ಟೊದಲ್ಲಿ ಆರ್ಕೆಸ್ಟ್ರಾ ಒಂದೆರಡು ಸೆಕೆಂಡು ಮರ್ಮರಿಸುವಷ್ಟರಲ್ಲೇ ವಯಲಿನ್ ಹಾಡತೊಡಗುತ್ತದೆ. ತಡವಾಗಿ ಬಂದವರಿಗೆ ಕ್ಷಮೆಯಿಲ್ಲದ ಕೃತಿ.

ಕಡೆಂಜಾ ಎಂದರೇನು? ಆಗ ಕಂಡಕ್ಟರ್ ಕೈಕಟ್ಟಿ ನಿಂತಿರುತ್ತಾರಲ್ಲ?

ಭಾಗದ ಕೊನೆಯ ಹತ್ತಿರ ಆರ್ಕೆಸ್ಟ್ರಾ ಒಂದು ನಿರೀಕ್ಷೆಯ ಸ್ವರಮೇಳಕ್ಕೆ ಬಂದು ನಿಂತುಬಿಡುತ್ತದೆ, ಆಮೇಲೆ ಸೋಲೋಯಿಸ್ಟ್ ಒಬ್ಬರೇ. ಒಂದು ಕಾಲಕ್ಕೆ ಇದು ಸ್ಥಳದಲ್ಲೇ ಕಟ್ಟಿ ನುಡಿಸುವ ಮನೋಧರ್ಮದ ಜಾಗವಾಗಿತ್ತು. ನಂತರ ಬರೆದಿಟ್ಟ ಕಡೆಂಜಾಗಳೇ ಹೆಚ್ಚಾದವು. ಮೇಲೆ ಹೇಳಿದ ಕೆ. 466ಕ್ಕೆ ಮೊಜಾರ್ಟ್ ಬರೆದ ಕಡೆಂಜಾ ಉಳಿದಿಲ್ಲ. ಬೀಥೋವನ್ ಬರೆದದ್ದಿದೆ, ಬಹಳ ಜನ ಅದನ್ನೇ ನುಡಿಸುತ್ತಾರೆ. ಅದೇ ಬೀಥೋವನ್ ತನ್ನ ಐದನೇ ಪಿಯಾನೊ ಕನ್ಸರ್ಟೊದಲ್ಲಿ, ಇಲ್ಲಿ ಕಡೆಂಜಾ ನುಡಿಸಬೇಡಿ, ನೇರ ಮುಂದಕ್ಕೆ ಹೋಗಿ ಎಂದು ಸ್ಕೋರಿನಲ್ಲೇ ಅಪ್ಪಣೆ ಬರೆದ. ಸೋಲೋಯಿಸ್ಟ್‌ಗಳ ಮೇಲೆ ಅವನಿಗೆ ಎಷ್ಟು ನಂಬಿಕೆ ಇತ್ತೆಂದು ಇದರಲ್ಲೇ ಗೊತ್ತಾಗುತ್ತದೆ.

ಡ್ವೊರಾಕ್‌ನದ್ದು ಇನ್ನೂ ಖಾರ. ಅವನ ಚೆಲ್ಲೊ (ಮಂದ್ರ ದನಿಯ, ದೊಡ್ಡ ವಯಲಿನ್‌ನಂಥ ವಾದ್ಯ) ಕನ್ಸರ್ಟೊಗೆ ಗೆಳೆಯ, ಚೆಲ್ಲೊ ವಾದಕ ಹನುಶ್ ವಿಹಾನ್ ತಾನೇ ಒಂದು ಕಡೆಂಜಾ ಬರೆದು ಸೇರಿಸಲು ಹೊರಟ. ಒಂದು ಸ್ವರವನ್ನೂ ಬದಲಿಸುವ ಹಾಗಿಲ್ಲ ಎಂದು ಡ್ವೊರಾಕ್ ಪ್ರಕಾಶಕರಿಗೇ ಬರೆದ. ಆ ಕೊನೆಯ ಪುಟಗಳು ಹೆಂಡತಿಯ ತೀರಿಕೊಂಡ ಅಕ್ಕನ ನೆನಪಿನವು, ಅಲ್ಲಿ ಚೆಲ್ಲೊ ಮೆಲ್ಲಗೆ ಆರಿಹೋಗಬೇಕಿತ್ತು, ಕಸರತ್ತು ಮಾಡುವಂತಿರಲಿಲ್ಲ. 1896ರಲ್ಲಿ ಲಂಡನ್‌ನಲ್ಲಿ ಮೊದಲ ಸಲ ನುಡಿಸಿದ್ದು ವಿಹಾನ್ ಅಲ್ಲ, ಲಿಯೊ ಸ್ಟರ್ನ್.

ಕೈಕಟ್ಟಿ ನಿಂತ ಕಂಡಕ್ಟರ್ ವಿಶ್ರಾಂತಿಯಲ್ಲಿಲ್ಲ. ಹಳೆಯ ಕಡೆಂಜಾಗಳು ಸಾಮಾನ್ಯವಾಗಿ ಒಂದು ಟ್ರಿಲ್‌ನಲ್ಲಿ ಮುಗಿಯುತ್ತವೆ, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಬೆರಳು ವೇಗವಾಗಿ ನಡುಗುವುದು. ಟ್ರಿಲ್ ಶುರುವಾದ ಕೂಡಲೇ ನೋಡಿ: ಕೋಲು ಮೇಲೇಳುತ್ತದೆ, ವಯಲಿನ್‌ಗಳು ಗಲ್ಲದಡಿ ಸೇರುತ್ತವೆ, ಊದುವವರು ಉಸಿರು ತುಂಬಿಕೊಳ್ಳುತ್ತಾರೆ. ಎಲ್ಲರೂ ಆ ನಡುಗುವ ಬೆರಳಿಗಾಗಿ ಕಾಯುತ್ತಿದ್ದಾರೆ. ಅದು ಮುಂದಿನ ಸ್ವರಕ್ಕೆ ಇಳಿಯಿತೋ, ನೂರು ಕೈ ಒಟ್ಟಿಗೆ ಇಳಿಯುತ್ತವೆ. ಇಳಿಯದಿದ್ದರೂ ಗೊತ್ತಾಗುತ್ತದೆ!

ಸೋಲೋಯಿಸ್ಟ್‌ಗಿಂತ ಆರ್ಕೆಸ್ಟ್ರಾಗೇ ಒಳ್ಳೆಯ ರಾಗ ಸಿಕ್ಕಿದರೆ?

ಸಿಗುತ್ತದೆ, ಜಗಳವೂ ಆಗಿದೆ. ಬ್ರಾಮ್ಸ್‌ನ ವಯಲಿನ್ ಕನ್ಸರ್ಟೊದ ನಿಧಾನ ಭಾಗದಲ್ಲಿ ಇಡೀ ಕೃತಿಯ ಅತಿ ಸುಂದರ ರಾಗವನ್ನು ಮೊದಲು ಹಾಡುವುದು ಓಬೊ ಎಂಬ ಊದುವ ವಾದ್ಯ. ಸೋಲೋಯಿಸ್ಟ್ ವಯಲಿನ್ ಕೆಳಗಿಳಿಸಿ ಕೇಳುತ್ತಾ ನಿಲ್ಲಬೇಕು. ಆ ಕಾಲದ ಮಹಾನ್ ವಯಲಿನ್ ವಾದಕ ಸರಸಾತೆ ಈ ಕೃತಿಯನ್ನು ನುಡಿಸಲು ಒಪ್ಪಲಿಲ್ಲ, ಓಬೊ ಹಾಡುತ್ತಿರುವಾಗ ನಾನು ವಯಲಿನ್ ಹಿಡಿದು ಬೆಪ್ಪನಂತೆ ನಿಲ್ಲಲೇ ಎಂದ ಎಂಬ ಕಥೆಯಿದೆ. ವಯಲಿನ್ ವಾದಕ ಪಗನಿನಿ ಕೂಡ ಬರ್ಲಿಯೋಜ್ ತನಗಾಗಿ ಬರೆಯುತ್ತಿದ್ದ ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡ ವಾದ್ಯ) ಕೃತಿಯಲ್ಲಿ ಮೌನವೇ ಜಾಸ್ತಿ ಎಂದು ಕೈಬಿಟ್ಟಿದ್ದ. ವರ್ಷಗಳ ನಂತರ, 1838ರಲ್ಲಿ, ಅದನ್ನು ಕೊನೆಗೂ ಕೇಳಿದಾಗ ಮನಸ್ಸು ಕರಗಿ 20,000 ಫ್ರಾಂಕ್ ಕಳಿಸಿಕೊಟ್ಟ.

ಬ್ರಾಮ್ಸ್ ಕೇಳುವಾಗ ಆ ಓಬೊ ಹೊತ್ತಿನಲ್ಲಿ ನನ್ನ ಕಣ್ಣು ಸೋಲೋಯಿಸ್ಟ್ ಮೇಲೆ. ಕೆಲವರು ತಂತಿ ಒರೆಸಿಕೊಳ್ಳುತ್ತಾರೆ, ಕೆಲವರು ಸಭೆಯತ್ತ ನೋಡುತ್ತಾರೆ. ಕೆಲವರು ಓಬೊ ಕಡೆಗೆ ತಿರುಗಿ ಕೇಳುತ್ತಾರೆ. ಮೂರನೆಯವರ ವಯಲಿನ್ ಓಬೊ ಬಿಟ್ಟ ಜಾಗದಿಂದಲೇ ಮಾತು ಎತ್ತಿಕೊಳ್ಳುತ್ತದೆ.

ಇದಕ್ಕೆ ತಿರುಗುಮುರುಗು ಪ್ರಸಂಗ ರಾಕ್ಮನಿನೊವ್‌ನ ಎರಡನೇ ಪಿಯಾನೊ ಕನ್ಸರ್ಟೊದ್ದು. ದೊಡ್ಡ ಗಂಟೆ ಬಾರಿಸಿದ ಹಾಗೆ ಪಿಯಾನೊ ಒಂದೇ ಶುರುಮಾಡುತ್ತದೆ, ದನಿ ಏರುತ್ತಾ ಹೋಗುತ್ತದೆ, ಇನ್ನೇನು ರಾಗ ಬರಬೇಕು ಅನ್ನುವಾಗ ಅದನ್ನು ತಂತಿವಾದ್ಯಗಳು ಎತ್ತಿಕೊಳ್ಳುತ್ತವೆ. ಅಷ್ಟೂ ಹೊತ್ತು ಕಷ್ಟದ ಬೆರಳೋಟವೆಲ್ಲ ಪಿಯಾನೊದ್ದು, ಹಾಡು ಮಾತ್ರ ಆರ್ಕೆಸ್ಟ್ರಾದ್ದು. ಇಲ್ಲಿ ಕಂಡಕ್ಟರ್ ಒಂಚೂರು ಆಸೆಬುರುಕರಾದರೆ ಪಿಯಾನೊ ಮುಳುಗಿಹೋಗುತ್ತದೆ.

ರಿಹರ್ಸಲ್ ಸಾಲದೆ ಕೃತಿಯೇ ಸೋತದ್ದುಂಟೇ?

ಎಲ್ಗಾರ್‌ನ ಚೆಲ್ಲೊ ಕನ್ಸರ್ಟೊ. 1919ರ ಅಕ್ಟೋಬರ್ 27, ಲಂಡನ್. ಎಲ್ಗಾರ್ ತನ್ನ ಕೃತಿಯನ್ನು ತಾನೇ ನಡೆಸಬೇಕಿತ್ತು, ಅದೇ ಸಂಜೆಯ ಉಳಿದ ಕೃತಿಗಳಿಗೆ ಬೇರೆ ಕಂಡಕ್ಟರ್, ಆಲ್ಬರ್ಟ್ ಕೋಟ್ಸ್. ರಿಹರ್ಸಲ್‌ನ ಹೊತ್ತನ್ನೆಲ್ಲ ಕೋಟ್ಸ್ ತಮ್ಮ ಕೃತಿಗಳಿಗೇ ಬಳಸಿಕೊಂಡರು. ಸೋಲೋಯಿಸ್ಟ್ ಫೆಲಿಕ್ಸ್ ಸಾಲ್ಮಂಡ್ ಅಷ್ಟು ಶ್ರಮಪಟ್ಟಿರದಿದ್ದರೆ ಎಲ್ಗಾರ್ ಕೃತಿಯನ್ನೇ ಹಿಂತೆಗೆದುಕೊಳ್ಳುತ್ತಿದ್ದ. ಸಂಜೆ ನೆಲಕಚ್ಚಿತು.

ಆ ದಿನ ಆರ್ಕೆಸ್ಟ್ರಾದ ಚೆಲ್ಲೊ ಸಾಲಿನಲ್ಲಿ ಕೂತಿದ್ದ ಹುಡುಗ ಜಾನ್ ಬಾರ್ಬಿರೊಲಿ. 1965ರಲ್ಲಿ ಅದೇ ಬಾರ್ಬಿರೊಲಿ ಕಂಡಕ್ಟರ್ ಆಗಿ, 20 ವರ್ಷದ ಜಾಕ್ವೆಲಿನ್ ಡು ಪ್ರೆ ಜೊತೆ ಆ ಕೃತಿಯನ್ನು ಧ್ವನಿಮುದ್ರಿಸಿದರು. ಈಗ ಎಲ್ಗಾರ್ ಚೆಲ್ಲೊ ಎಂದರೆ ಬಹಳ ಜನರಿಗೆ ನೆನಪಾಗುವುದು ಅದೇ. ಡು ಪ್ರೆ ಎಲ್ಲಿ ಬೇಕಾದರೂ ನಿಲ್ಲುತ್ತಾರೆ, ಎಳೆಯುತ್ತಾರೆ, ಒಮ್ಮೆಲೇ ನುಗ್ಗುತ್ತಾರೆ, ಆರ್ಕೆಸ್ಟ್ರಾ ಒಂದು ಗಳಿಗೆಯೂ ಅವಸರ ಮಾಡುವುದಿಲ್ಲ.

ದೊಡ್ಡ ಹೆಸರುಗಳು ಸೇರಿದರೆ ಒಳ್ಳೆಯ ಸಂಗೀತ ಖಾತ್ರಿಯೇ?

ಇಲ್ಲ. 1969ರಲ್ಲಿ ಬೀಥೋವನ್‌ನ ಟ್ರಿಪಲ್ ಕನ್ಸರ್ಟೊಗೆ ರಿಕ್ಟರ್ (ಪಿಯಾನೊ), ಓಯ್‌ಸ್ಟ್ರಾಕ್ (ವಯಲಿನ್), ರೊಸ್ಟ್ರೊಪೊವಿಚ್ (ಚೆಲ್ಲೊ) ಮೂವರೂ ಬರ್ಲಿನ್ ಫಿಲ್‌ಹಾರ್ಮೋನಿಕ್ ಮತ್ತು ಕಂಡಕ್ಟರ್ ಕಾರಾಯನ್ ಜೊತೆ ಸೇರಿದರು. ರಿಕ್ಟರ್‌ಗೆ ಆ ಧ್ವನಿಮುದ್ರಣ ಕಂಡರಾಗುತ್ತಿರಲಿಲ್ಲ. ಇನ್ನೊಂದು ಸಲ ನುಡಿಸೋಣ ಎಂದರೆ ಕಾರಾಯನ್ ಒಪ್ಪಲಿಲ್ಲ, ಫೋಟೊ ತೆಗೆಸಿಕೊಳ್ಳಲು ಹೊತ್ತು ಬೇಕೆಂದರು ಎಂದು ಮುಂದೆ ದೂರಿದರು. ರೆಕಾರ್ಡಿನ ಹೊದಿಕೆಯ ಮೇಲಿನ ಫೋಟೊ ಮಾತ್ರ ಚೆನ್ನಾಗಿದೆ.

ನಿಜಕ್ಕೂ ಹೊಂದಿಕೊಂಡ ಜೋಡಿಗಳನ್ನು ಹೇಳಿ.

ನನ್ನ ಆಯ್ಕೆ ಪಕ್ಷಪಾತದ್ದು. ಪಿಯಾನೊದ ಮಾರ್ತಾ ಅರ್ಗೆರಿಚ್ ಮತ್ತು ಕಂಡಕ್ಟರ್ ಕ್ಲಾಡಿಯೊ ಅಬ್ಬಾಡೊ: 1967ರ ಪ್ರೊಕೊಫೀವ್ ಮೂರನೇ ಕನ್ಸರ್ಟೊದಲ್ಲಿ ಇಬ್ಬರೂ ಹರೆಯದ ಹುಮ್ಮಸ್ಸಿನಲ್ಲಿ ಕತ್ತಿಯಂಚಿನ ಮೇಲೆ ಓಡುತ್ತಾರೆ. 2013ರಲ್ಲಿ ಲುಸರ್ನ್‌ನಲ್ಲಿ ಅದೇ ಇಬ್ಬರು ಮೊಜಾರ್ಟ್ ನುಡಿಸಿದರು, ಮುಂದಿನ ಜನವರಿಯಲ್ಲಿ ಅಬ್ಬಾಡೊ ಹೋಗಿಬಿಟ್ಟರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಇನ್ನೊಂದು ಜೋಡಿ ಪಿಯಾನೊದ ವ್ಯಾನ್ ಕ್ಲೈಬರ್ನ್ ಮತ್ತು ಕಿರಿಲ್ ಕೊಂಡ್ರಾಶಿನ್. ಶೀತಲ ಸಮರದ ನಡುವೆ, 1958ರಲ್ಲಿ, ಮಾಸ್ಕೊದ ಚೈಕೋವ್‌ಸ್ಕಿ ಸ್ಪರ್ಧೆಯನ್ನು ಗೆದ್ದ ಅಮೆರಿಕದ ಹುಡುಗ, ಅವರೊಂದಿಗೆ ನುಡಿಸಲು ಅಮೆರಿಕಕ್ಕೆ ಹೋದ ಸೋವಿಯತ್ ಕಂಡಕ್ಟರ್.

ಕಂಡಕ್ಟರ್ ಇಲ್ಲದೆ ಕನ್ಸರ್ಟೊ ಆಗುವುದಿಲ್ಲವೇ?

ಧಾರಾಳವಾಗಿ ಆಗುತ್ತದೆ. ಮೊಜಾರ್ಟ್ ಪಿಯಾನೊ ಮುಂದೆ ಕೂತೇ ಎಲ್ಲವನ್ನೂ ನಡೆಸುತ್ತಿದ್ದ. ಈಗ ಬಾರೆನ್‌ಬೊಯಿಮ್, ಪೆರಾಯ, ಉಚಿದಾ ಹಾಗೆ ನುಡಿಸಿದ್ದಾರೆ. ಪಿಯಾನೊದ ಮುಚ್ಚಳ ತೆಗೆದು, ವಾದಕರ ಬೆನ್ನು ಸಭೆಯ ಕಡೆ ಮಾಡಿ ಇಟ್ಟಿದ್ದರೆ ಅದೇ ಲೆಕ್ಕ. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದಲೂ ಕಂಡಕ್ಟರ್ ಇಲ್ಲದೆಯೇ ನಡೆದುಕೊಂಡು ಬಂದಿದೆ. ಆದರೆ ಬ್ರಾಮ್ಸ್, ರಾಕ್ಮನಿನೊವ್‌ಗೆ ಬಂದರೆ ಒಬ್ಬರ ಕೈ ಬೇಕೇ ಬೇಕಾಗುತ್ತದೆ.

ಶುರುವಿಗೆ ಮುಂಚೆ ಎಲ್ಲರೂ ಒಂದೇ ಸ್ವರ ಎಳೆಯುತ್ತಾರಲ್ಲ, ಅದೇನು?

ಶ್ರುತಿ ಸೇರಿಸುವುದು. ಸಾಮಾನ್ಯವಾಗಿ ಓಬೊ ‘ಎ’ ಸ್ವರ ಕೊಡುತ್ತದೆ, 440 ಹರ್ಟ್ಜ್ ಅಥವಾ ಅದಕ್ಕಿಂತ ತುಸು ಮೇಲೆ. ಪಿಯಾನೊ ಕನ್ಸರ್ಟೊ ಇದ್ದರೆ ಕನ್ಸರ್ಟ್‌ಮಾಸ್ಟರ್ ಎದ್ದು ಪಿಯಾನೊದ ‘ಎ’ ಒತ್ತುವುದುಂಟು. ಪಿಯಾನೊವನ್ನು ಆ ಕ್ಷಣದಲ್ಲಿ ತಿರುಚಲು ಆಗುವುದಿಲ್ಲ, ಹಾಗಾಗಿ ಮಿಕ್ಕವರೇ ಅದಕ್ಕೆ ಹೊಂದಿಕೊಳ್ಳಬೇಕು.

ಎಲ್ಲಿ ಕೂತರೆ ಒಳ್ಳೆಯದು?

ಪಿಯಾನೊ ವಾದಕರ ಬೆರಳು ಕಾಣಬೇಕಾದರೆ ನಿಮ್ಮ ಎಡಗಡೆ ಕೂರಿ. ಸೋಲೋ ವಯಲಿನ್ ಕೂಡ ಕಂಡಕ್ಟರ್ ಎಡಗಡೆಯೇ ನಿಲ್ಲುತ್ತದೆ. ದನಿ ಹದವಾಗಿ ಬೇಕಾದರೆ ನಡುವೆ, ಸ್ವಲ್ಪ ಹಿಂದೆ. ಕೆಲವು ಸಭಾಂಗಣಗಳಲ್ಲಿ ವೇದಿಕೆಯ ಹಿಂಬದಿಯೂ ಸೀಟುಗಳಿರುತ್ತವೆ. ಅಲ್ಲಿಂದ ಕಂಡಕ್ಟರ್ ಮುಖ ಕಾಣುತ್ತದೆ, ಒಮ್ಮೆಯಾದರೂ ನೋಡಬೇಕು. ಆದರೆ ತೆರೆದ ಮುಚ್ಚಳ ಪಿಯಾನೊ ದನಿಯನ್ನು ಆಚೆ ಕಡೆಗೆ ತಳ್ಳುವುದರಿಂದ ಪಿಯಾನೊ ಮಂಕಾಗಿ ಕೇಳುತ್ತದೆ.

ಚಪ್ಪಾಳೆ ಯಾವಾಗ?

ಈಗಿನ ರೂಢಿಯಲ್ಲಿ ಇಡೀ ಕೃತಿ ಮುಗಿದ ಮೇಲೆ. ಭಾಗಗಳ ನಡುವೆ ತಟ್ಟಿದರೆ ಕೆಲವರು ತಿರುಗಿ ನೋಡುತ್ತಾರೆ. ಚೈಕೋವ್‌ಸ್ಕಿಯ ಪಿಯಾನೊ ಕನ್ಸರ್ಟೊದ ಮೊದಲ ಭಾಗ ಮುಗಿದಾಗ ನಾನೂ ಒಮ್ಮೆ ತಟ್ಟಿದೆ. ಮೂರು ಚಪ್ಪಾಳೆ ಆದ ಮೇಲೆ ಇಡೀ ಸಾಲಿನಲ್ಲಿ ನಾನೊಬ್ಬನೇ ಎಂದು ತಿಳಿಯಿತು, ನಾಲ್ಕನೆಯದನ್ನು ಗಾಳಿಯಲ್ಲೇ ನಿಲ್ಲಿಸಿ ಮೂಗು ಕೆರೆದುಕೊಂಡೆ. ಪಿಯಾನೊದವರು ಮಾತ್ರ ನಮ್ಮ ಕಡೆ ನೋಡಿ ನಕ್ಕಿದ್ದರು.

ಮೊಜಾರ್ಟ್ ಇದ್ದಿದ್ದರೆ ಖುಷಿಪಡುತ್ತಿದ್ದ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ, ತನ್ನ ಸಿಂಫನಿಯ ಒಂದು ತುಣುಕು ಜನಕ್ಕೆ ಹಿಡಿಸುತ್ತದೆಂದು ಮೊದಲೇ ಗೊತ್ತಿತ್ತು, ನಡುವೆಯೇ ಚಪ್ಪಾಳೆ ಬಿತ್ತು ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಗೊತ್ತಾಗದಿದ್ದರೆ ಕಂಡಕ್ಟರ್ ಕೈ ನೋಡಿ. ಕೈ ಕೆಳಗಿಳಿದು ಭುಜ ಸಡಿಲಾಗುವವರೆಗೆ ಸಂಗೀತ ಮುಗಿದಿಲ್ಲ.

ಸ್ವರಲಿಪಿ ಓದಲು ಬರುವುದಿಲ್ಲ, ನಡುವೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ನನಗೆ ಇದು ಒಗ್ಗುವುದಿಲ್ಲವೇನೋ?

ಓದಲು ನನಗೂ ಸರಿಯಾಗಿ ಬರುವುದಿಲ್ಲ. ಮನಸ್ಸು ಎಲ್ಲರದ್ದೂ ಅಲೆಯುತ್ತದೆ, ಮುಕ್ಕಾಲು ಗಂಟೆ ಪೂರ್ತಿ ಕಿವಿಯಾಗಿ ಕೂರುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ತಪ್ಪಿದ ದಾರಿಗೆ ಮರಳಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಈಗ ಯಾರು ಯಾರಿಗಾಗಿ ಕಾಯುತ್ತಿದ್ದಾರೆ? ಅದರ ಉತ್ತರ ಹುಡುಕುವಷ್ಟರಲ್ಲಿ ಸಂಗೀತದೊಳಗೆ ಬಂದುಬಿಟ್ಟಿರುತ್ತೇನೆ.

ಎಲ್ಲಿಂದ ಶುರು ಮಾಡಲಿ?

ಐದು ನಿಮಿಷ ಸಾಕು. ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊದ ಎರಡನೇ ಭಾಗ. ಇದು 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ, ಸುಮಾರು ನಾಲ್ಕು ಗಂಟೆ ಎಳೆದ ಕೊರೆವ ಚಳಿಯ ಕಛೇರಿಯಲ್ಲಿ, ಐದನೇ ಮತ್ತು ಆರನೇ ಸಿಂಫನಿಗಳ ಜೊತೆಗೇ ಸಾರ್ವಜನಿಕರ ಕಿವಿಗೆ ಬಿತ್ತು. ನುಡಿಸಿದ್ದು ಬೀಥೋವನ್‌ನೇ.

ಈ ಭಾಗದಲ್ಲಿ ತಂತಿವಾದ್ಯಗಳು ಮತ್ತು ಪಿಯಾನೊ ಬಿಟ್ಟರೆ ಬೇರೆ ಯಾರೂ ಇಲ್ಲ. ತಂತಿಗಳೆಲ್ಲ ಒಂದೇ ಸ್ವರದಲ್ಲಿ, ಗದರಿದ ಹಾಗೆ, ತುಂಡು ತುಂಡಾಗಿ ಶುರುಮಾಡುತ್ತವೆ. ನಿಲ್ಲುತ್ತವೆ. ಪಿಯಾನೊ ಅದಕ್ಕೆ ಸಂಬಂಧವೇ ಇಲ್ಲದಂತೆ ಮೆಲ್ಲಗೆ ಏನೋ ಹೇಳುತ್ತದೆ. ಮತ್ತೆ ಗದರಿಕೆ, ಮತ್ತೆ ಅದೇ ಮೆಲುಮಾತು. ಪಿಯಾನೊ ಒಮ್ಮೆಯೂ ಅವುಗಳ ದನಿಗೆ ದನಿ ಏರಿಸಿ ಉತ್ತರ ಕೊಡುವುದಿಲ್ಲ. ಎರಡು ನಿಮಿಷ ಕಳೆಯುವಷ್ಟರಲ್ಲಿ ತಂತಿಗಳ ಸಾಲುಗಳು ಮೊಟಕಾಗುತ್ತವೆ, ದನಿ ತಗ್ಗುತ್ತದೆ. ಪಿಯಾನೊ ಒಂದೇ ಒಂದು ಸಲ, ಒಬ್ಬಂಟಿಯಾಗಿ, ಉದ್ದನೆಯ ಟ್ರಿಲ್‌ನಲ್ಲಿ ಸಿಡಿದು ಮತ್ತೆ ತಣ್ಣಗಾಗುತ್ತದೆ. ಆಮೇಲೆ ತಂತಿಗಳಿಂದ ಬರುವುದು ಬರೀ ಪಿಸುಮಾತು. ಕೊನೆಯ ಸ್ವರ ಆರುವ ಮುನ್ನ ಆಫ್ ಮಾಡಬೇಡಿ, ಮುಂದಿನ ಭಾಗ ಬಿಡುವಿಲ್ಲದೆ ಅದಕ್ಕೇ ಅಂಟಿಕೊಂಡಿದೆ: ಅದೇ ತಂತಿಗಳು, ಕದ್ದು ಬಂದವರ ಹಾಗೆ ಮೆಲ್ಲಗೆ, ಕುಣಿತ ಶುರುಮಾಡುತ್ತವೆ.